ನಾಲ್ಕನೇ ಜ್ವರ

ನಮ್ಮ ಶಿಡ್ಲಘಟ್ಟದಲ್ಲಿ ಜ್ವರ ಅಂದರೆ
ಮೊದಲು ನೆನಪಾಗುವುದು ಹುಳು.
ಒಂದನೇ ಜ್ವರ, ಎರಡನೇ ಜ್ವರ,
ತಟ್ಟೆಯಲ್ಲಿ ತಲೆಯೆತ್ತಿ ಕೂತುಬಿಡುತ್ತದೆ
ತಿನ್ನದೆ, ಅಲುಗದೆ, ಹಳೇ ಚರ್ಮ ಕಳಚುವ ತನಕ.
ನಾಲ್ಕು ದಾಟಿದರೆ ಹಣ್ಣು, ಚಂದ್ರಿಕೆ, ಗೂಡು.
ಮನುಷ್ಯರ ಜ್ವರಕ್ಕೆ ಇಷ್ಟು ಚಂದದ ಲೆಕ್ಕವಿಲ್ಲ.
ಗೊತ್ತಿರಬೇಕಿತ್ತು ನನಗೆ.
ಗೂಡಿನ ಮಾರುಕಟ್ಟೆಯೆದುರು ಇಪ್ಪತ್ತೆರಡು ವರ್ಷದಿಂದ
ಔಷಧಿ ಅಂಗಡಿ ಇಟ್ಟವನು.

ಆ ಮೇ ತಿಂಗಳು ಎಲ್ಲರೂ ಕೇಳಿದ್ದು ಒಂದೇ:
“ಆ ಚಿಕ್ಕದು ಕೊಡಿ, ಬಿಳೀದು, ಉಸಿರು ಉಳಿಸುತ್ತಂತಲ್ಲ.”
ಬೀಡಿಗಿಂತ ಅಗ್ಗ.
ಡೆಕ್ಸಾಮೆಥಸೋನ್ ಯಾರ ನಾಲಿಗೆಗೂ ಒಗ್ಗದೆ
ಡೆಕ್ಸಾ ಆಯಿತು, ಡಕ್ಸ ಆಯಿತು,
ಕೊನೆಗೆ ಬರೀ ‘ಅದು’.

ಅಮೀರ್‌ಜಾನ್ ಸಾಬರಿಗೆ ಕೊಟ್ಟೆ.
ಜ್ವರ ಬಂದು ಎರಡೇ ದಿನ. ಚೀಟಿ ಇಲ್ಲ.
ಸಕ್ಕರೆ ಕಾಯಿಲೆ ಇದ್ದದ್ದು ಗೊತ್ತಿತ್ತು,
ಅದರ ಮಾತ್ರೆಯೂ ನನ್ನ ಅಂಗಡಿಯದೇ.
ಮೂವತ್ತು ವರ್ಷ ಬೇಸಿನ್ನಿನ ಕುದಿನೀರಲ್ಲಿ ಎಳೆ ಹುಡುಕಿ
ಬೆಂದು ಬಿಳಿಚಿದ ಬೆರಳು ಮುಂದೆ ಚಾಚಿದ್ದರು,
ಇಲ್ಲ ಅನ್ನಲಾಗಲಿಲ್ಲ.
ಮಾರನೇ ದಿನ ಜ್ವರ ಮಾಯ. ಹರಾಜಿಗೆ ಬಂದು
ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಿದ್ದರು.
ದೂರದಿಂದಲೇ ಕೈಯೆತ್ತಿ ಸಲಾಮು.
ಎಂಟನೇ ದಿನ ಅವರ ಮಗ
ಸಿಲಿಂಡರ್ ಎಲ್ಲಿ ಸಿಗುತ್ತದೆಂದು ಕೇಳಿ ಬಂದ.
ಹತ್ತನೇ ದಿನ ಬರಲಿಲ್ಲ.

ಮಾತ್ರೆಯಿಂದಲೇ?
ಯಾವ ಡಾಕ್ಟರೂ ಹಾಗೆ ಹೇಳಲಿಲ್ಲ.
ನಾನೂ ಯಾರನ್ನೂ ಕೇಳಲಿಲ್ಲ.

ಆಮೇಲೆ ಮುನಿರತ್ನಮ್ಮ ಬಂದಳು,
ಟಿವಿಎಸ್ಸಿನ ಹಿಂದೆ ಗಂಡ ಪಿಳ್ಳಾಂಜಿನಪ್ಪನನ್ನು ಕೂರಿಸಿಕೊಂಡು.
ಮೂರನೇ ದಿನ. ಬೆರಳಿಗೆ ಕ್ಲಿಪ್ಪು ಹಾಕಿದೆ: ತೊಂಬತ್ತೇಳು.
“ಕೊಡಲ್ಲ,” ಅಂದೆ.
“ವೈರಿ ಈಗಷ್ಟೇ ಒಳಗೆ ಬಂದಿದಾನೆ, ಕಾವಲಿನವರು ಕಾದಾಡ್ತಿದಾರೆ.
ಇದು ಅವರ ಕೈ ಕಟ್ಟಿಹಾಕುತ್ತೆ.”
“ಸತ್ತ ಮೇಲೆ ಕೊಡ್ತೀಯಾ? ಸಾಬರಿಗೆ ಕೊಟ್ಟೆಯಂತಲ್ಲ!”
ಆ ಮಾತಿಗೆ ನಾನು
ಶಟರ್ ಅರ್ಧ ಇಳಿಸಿದೆ.

ಒಂಬತ್ತನೇ ದಿನ ತೊಂಬತ್ತೇಳು ಎಂಬತ್ತೈದಾಯಿತು.
ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆ. ಮೂಗಿಗೆ ಗಾಳಿ, ನರಕ್ಕೆ ಸೂಜಿ.
ಸೂಜಿಯೊಳಗಿದ್ದದ್ದು ಅದೇ. ದಿನಕ್ಕೊಮ್ಮೆ, ಆರು ಮಿಲಿಗ್ರಾಂ.
ಅಷ್ಟೊತ್ತಿಗೆ ವೈರಿ ಹೆಚ್ಚುಕಮ್ಮಿ ಹೊರಟುಹೋಗಿದ್ದನಂತೆ,
ಕಾವಲಿನವರೇ ಪಂಜು ಹಿಡಿದು ಮೂಲೆಮೂಲೆ ಹುಡುಕುತ್ತ
ಮನೆಗೆ ಬೆಂಕಿ ಹಚ್ಚಿಕೊಂಡಿದ್ದರಂತೆ.
ಪಂಜು ಕಸಿದುಕೊಂಡಿತು ಮದ್ದು. ಪೂರಾ ಅಲ್ಲ, ಸಾಕಷ್ಟು.
ಸಕ್ಕರೆ ಮುನ್ನೂರು ದಾಟಿತು. ನಿದ್ದೆ ಹಾರಿತು.
ನಡುರಾತ್ರಿ ಎದ್ದು ಕೂತು ಪಿಳ್ಳಾಂಜಿನಪ್ಪ
ನರ್ಸಮ್ಮನ ಹತ್ತಿರ ಮುದ್ದೆ ಕೇಳಿದನಂತೆ,
ಬಸ್ಸಾರಿದ್ದರೆ ಅದೂ.

ಜುಲೈನಲ್ಲಿ ಬಂದಳು ಮುನಿರತ್ನಮ್ಮ,
ಉಗುರಿನ ಸಂದಿಯಲ್ಲಿ ಹಿಪ್ಪುನೇರಳೆಯ ಹಸಿರು.
“ನೀನು ಕೊಡದೇ ಇದ್ದದ್ದನ್ನೇ ಅಲ್ಲಿ ಕೊಟ್ರು. ಯಾಕೆ?”
ನಾನು ಮತ್ತೆ ವೈರಿ, ಕಾವಲು ಅಂತ ಶುರುಮಾಡಿದೆ.
ಕೈ ಅಡ್ಡ ಹಿಡಿದಳು.
“ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರ್ದು.
ಎದ್ದ ಮೇಲೆ ಹಾಕದಿದ್ರೆ ಸಾಯ್ತದೆ.
ಅಷ್ಟೇ ತಾನೆ?
ಇದನ್ನ ಆವತ್ತೇ ಹೇಳಿದ್ರೆ ನಾನ್ಯಾಕಪ್ಪ ಬೈತಿದ್ದೆ.”

ಅವಳು ಹೋದ ಮೇಲೆ ಉದ್ರಿ ಪುಸ್ತಕ ತೆಗೆದೆ.
ನನ್ನದೇ ಅಕ್ಷರ, ಅವಸರದ್ದು:
ಅಮೀರ್‌ಜಾನ್ ಸಾಬ್. ಡೆಕ್ಸಾ ಹತ್ತು. ಬಾಕಿ ಮೂರು ರೂಪಾಯಿ.
ತೀರಿಸಲು ಮಗ ಎರಡು ಸಲ ಬಂದಿದ್ದ.
ಪುಸ್ತಕ ಸಿಗುತ್ತಿಲ್ಲ ಅಂದಿದ್ದೆ.